ಟೈಪಿಸ್ಟಳ ಕಿಟಕಿಯಿಂದ ಕಂಡದ್ದೇನು?

ಮ್ಯೂನಿಕ್‌ನಲ್ಲಿ ಯು3 ಅಥವಾ ಯು6 ಮೆಟ್ರೊ ಹಿಡಿದು ಗಿಸೆಲಾಸ್ಟ್ರಾಸೆಯಲ್ಲಿ ಇಳಿದರೆ ಫ್ರಾಂಜ್ ಜೋಸೆಫ್ ಬೀದಿಗೆ ನಡೆದೇ ಹೋಗಬಹುದು. 13ನೇ ನಂಬರಿನ ಮನೆಗೆ ಒಂದು ಫಲಕ ಹಾಕಿದ್ದಾರೆ. ಹಾನ್ಸ್ ಮತ್ತು ಸೋಫಿ ಶೋಲ್ ಇದ್ದ ಮನೆ ಅದು. ನಾಜಿಗಳ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿ 22ರಂದು ಈ ಅಣ್ಣ ತಂಗಿಯ ತಲೆ ಕಡಿದರು. ಸೋಫಿಗೆ ಆಗ 21 ವರ್ಷ. ಇದೇ ಊರಲ್ಲಿ ಹುಟ್ಟಿದ 22ರ ಟ್ರೌಡ್ಲ್ ಯುಂಗೆ 1942ರ ಕೊನೆಯಲ್ಲಷ್ಟೇ ಹಿಟ್ಲರನ ಸೆಕ್ರೆಟರಿಯಾಗಿ ಸೇರಿದ್ದಳು. ಅವನ ಕೊನೆಯ ಉಯಿಲಿಗೆ ಡಿಕ್ಟೇಷನ್ ತೆಗೆದುಕೊಂಡವಳೂ ಅವಳೇ. ತಾನು ಚಿಕ್ಕವಳಿದ್ದೆ, ಏನೂ ತಿಳಿಯುತ್ತಿರಲಿಲ್ಲ ಎಂದು ಹೇಳಿಕೊಂಡಿದ್ದ ಸಮಾಧಾನ ಶೋಲ್ ಸ್ಮಾರಕ ಫಲಕದ ಎದುರು ಉಳಿಯಲಿಲ್ಲ ಎಂದು ಆಕೆಯೇ ಮುಪ್ಪಿನಲ್ಲಿ ಒಪ್ಪಿಕೊಂಡಳು.

ಇನ್ನೊಬ್ಬ ಟೈಪಿಸ್ಟ್ ಕೆಲಸ ಮಾಡುತ್ತಿದ್ದ ಜಾಗ, ನಾಜಿಗಳ ಸ್ಟುಟ್‌ಹಾಫ್ ಯಾತನಾ ಶಿಬಿರ, ಪೋಲೆಂಡಿನಲ್ಲಿದೆ. ಗ್ದಾನ್ಸ್ಕ್‌ನಿಂದ ಸ್ಟೆಗ್ನಾ ಕಡೆಯ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬೋರ್ಡಿನಲ್ಲಿ ಸ್ಟುಟ್‌ಹಾಫ್ ಎಂಬ ಹೆಸರು ಹುಡುಕುತ್ತಾ ನಿಂತರೆ ಬಸ್ಸು ತಪ್ಪುತ್ತದೆ. ಅದು ಜರ್ಮನ್ ಹೆಸರು, ಊರಿನ ಈಗಿನ ಹೆಸರು ಶ್ಟುಟೊವೊ. ನೋಡಲು ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಜಾಗ ಇದಲ್ಲ.

1939ರ ಸೆಪ್ಟೆಂಬರ್ 2ರಂದು, ಅಂದರೆ ಯುದ್ಧ ಶುರುವಾದ ಮರುದಿನವೇ, ತೆರೆದ ಶಿಬಿರವಿದು. ಸುಮಾರು 1,10,000 ಜನರನ್ನು ಇಲ್ಲಿಗೆ ತಂದರು. ಸತ್ತವರು ಸುಮಾರು 65,000. ಈಗ ನೋಡಲು ಬರುವ ಬಹುತೇಕರು ಒಳಬಂದವರೇ ಗ್ಯಾಸ್ ಚೇಂಬರಿನತ್ತ ಹೆಜ್ಜೆ ಹಾಕುತ್ತಾರೆ. ಮೊದಲು ಕಮಾಂಡೆಂಟನ ಕಚೇರಿಯಿದ್ದ ಕೆಂಪು ಇಟ್ಟಿಗೆಯ ಕಟ್ಟಡದ ಹತ್ತಿರ ನಿಲ್ಲಿ. 1943ರ ಜೂನ್‌ನಿಂದ 1945ರ ಏಪ್ರಿಲ್‌ವರೆಗೆ 18-19ರ ಹುಡುಗಿಯೊಬ್ಬಳು ಇಲ್ಲಿ ಕಮಾಂಡೆಂಟ್ ಹೊಪ್ಪೆ ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಟೈಪ್ ಮಾಡುತ್ತಿದ್ದಳು. ಕೊಲೆಗೂ ಕಡತ ಬೇಕು. ಯಾರನ್ನು ಎಲ್ಲಿಗೆ ಸಾಗಿಸಬೇಕು, ಏನು ತರಿಸಬೇಕು, ಬರ್ಲಿನ್ನಿಗೆ ಏನು ತಿಳಿಸಬೇಕು ಎಂಬುದು ಕಾಗದದ ಮೇಲೆ ಬರದೆ ಮುಂದಕ್ಕೆ ಸಾಗುತ್ತಿರಲಿಲ್ಲ. ಆಡಳಿತದ ಟಪಾಲು ತನ್ನ ಮೇಜಿನ ಮೇಲೆಯೇ ಹಾಯ್ದು ಹೋಗುತ್ತಿತ್ತೆಂದು 1950ರ ದಶಕದಲ್ಲಿ ಸಾಕ್ಷಿಯಾಗಿ ಅವಳೇ ಹೇಳಿದ್ದಳು. ಕೊಲೆಗಳ ವಿಷಯ ಮಾತ್ರ ತಿಳಿದಿರಲಿಲ್ಲವಂತೆ.

ಈ ಮಾತು ನಿಜವೇ ಎಂದು ತಿಳಿಯಲು 2022ರ ನವೆಂಬರ್‌ನಲ್ಲಿ ಜರ್ಮನಿಯ ಇಟ್ಸೆಹೋ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಖುದ್ದಾಗಿ ಇಲ್ಲಿಗೆ ಬಂದರು. ಕಚೇರಿಯಿಂದ ಎಷ್ಟು ಕಾಣುತ್ತದೆ ಎಂದು ನೋಡಿದರು. ಹೊಸದಾಗಿ ತಂದ ಕೈದಿಗಳನ್ನು ನಿಲ್ಲಿಸುತ್ತಿದ್ದ ಜಾಗ ಕಾಣುತ್ತಿತ್ತು. ಹೆಣ ಸುಡುವ ಹೊಗೆ ಮತ್ತು ನಾತ ಗಮನಕ್ಕೆ ಬರಲೇ ಇಲ್ಲ ಎಂಬುದನ್ನು ನಂಬಲಾಗದು, ಬೇಕೆಂದಿದ್ದರೆ ಯಾವಾಗ ಬೇಕಾದರೂ ಕೆಲಸ ಬಿಡಬಹುದಿತ್ತು ಎಂದು ಡಿಸೆಂಬರ್‌ನಲ್ಲಿ ತೀರ್ಪು ಬಂತು. 10,505 ಕೊಲೆಗಳಿಗೆ ನೆರವಾದ ಅಪರಾಧಕ್ಕೆ ಎರಡು ವರ್ಷದ ಅಮಾನತು ಶಿಕ್ಷೆ, ಅಂದರೆ ಜೈಲಿಗೆ ಹೋಗಬೇಕಿಲ್ಲ. ಕೃತ್ಯದ ವೇಳೆ 21 ದಾಟಿರಲಿಲ್ಲವಾದ್ದರಿಂದ 97ರ ಮುದುಕಿಯ ವಿಚಾರಣೆ ಬಾಲಾಪರಾಧಿಗಳ ನ್ಯಾಯಪೀಠದಲ್ಲಿ ನಡೆದಿತ್ತು. 2024ರ ಆಗಸ್ಟ್‌ನಲ್ಲಿ ಮೇಲಿನ ಕೋರ್ಟೂ ತೀರ್ಪನ್ನು ಎತ್ತಿಹಿಡಿಯಿತು. ಶಿಕ್ಷೆ ಜುಜುಬಿ ಎನ್ನುವವರಿದ್ದಾರೆ, ಅಷ್ಟು ವಯಸ್ಸಾದವಳಿಗೆ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ತಪ್ಪು ಮುದುಕಿಯ ವಯಸ್ಸಿನದಲ್ಲ, ಕೋರ್ಟುಗಳು ಕಳೆದ ದಶಕಗಳದ್ದು. ಸ್ವತಃ ಕೊಂದವರನ್ನಷ್ಟೇ ಹುಡುಕುವ ಪರಿಪಾಠ ಸಡಿಲವಾದದ್ದೇ 2011ರಲ್ಲಿ, ಶಿಬಿರದ ಕಾವಲುಗಾರನಾಗಿದ್ದ ದೆಮ್ಯಾನ್ಯುಕ್‌ನ ಮೇಲಿನ ತೀರ್ಪಿನ ನಂತರ. ಅಷ್ಟರಲ್ಲಿ ಲೆಕ್ಕ ಬರೆದವರು, ಟೈಪ್ ಮಾಡಿದವರು ಬಹುಪಾಲು ತೀರಿಕೊಂಡಿದ್ದರು.

ಮುಂದೆ ಮರದ ಹೆಬ್ಬಾಗಿಲು, ಅದರಾಚೆ ಬ್ಯಾರಕ್‌ಗಳು, ಗಾಜಿನ ಹಿಂದೆ ರಾಶಿ ಬಿದ್ದ ಚಪ್ಪಲಿ ಬೂಟುಗಳು. ಗ್ಯಾಸ್ ಚೇಂಬರ್ ಎಂದರೆ ಇಟ್ಟಿಗೆಯ ಒಂದು ಸಣ್ಣ ಕೋಣೆ. ಬಳಿಯಲ್ಲೇ ನ್ಯಾರೋಗೇಜ್ ರೈಲಿನ ಡಬ್ಬಿಗಳಿವೆ. ಕೈದಿಗಳಿಗೆ ಅನುಮಾನ ಬರದಿರಲೆಂದು ಬೇರೆಡೆಗೆ ಸಾಗಿಸುವ ನೆಪದಲ್ಲಿ ಹತ್ತಿಸಿಕೊಂಡು ಅದರೊಳಗೂ ವಿಷಾನಿಲ ಬಿಟ್ಟಿದ್ದರು.

ಬಸ್ಸಿಗೆ ಮರಳುವಾಗ ಅದೇ ಇಟ್ಟಿಗೆ ಕಟ್ಟಡ ಮತ್ತೆ ಸಿಗುತ್ತದೆ. ತಿರುಗಿ ಹೆಬ್ಬಾಗಿಲಿನ ಕಡೆ ನೋಡಿ, ನಡುವೆ ಎಷ್ಟು ಹೆಜ್ಜೆಗಳಿವೆ ಎಂದು ಎಣಿಸಿ.