ಸಮುರಾಯ್‌ಗೆ ಮಾರ್ಕ್ಸ್ ಹಾಕಲು ಹೋಗಿ

ಟೇಬಲ್‌ಟಾಪ್ ಆಟಗಳಿಗೆ ನಿಯಮ ಬರೆಯುವುದು ನನ್ನ ಕೆಲಸ. ಮೇಜಿನ ಸುತ್ತ ನಾಲ್ಕೈದು ಜನ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವ ಆಟ. 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದ ಮೇಲೆ ಹುಟ್ಟಿದ ಬಳಗ ಇದು. ಇಲ್ಲಿ ‘ಕ್ಲಾಸ್’ ಅಂದರೆ ಪಾತ್ರದ ಕಸುಬು. ನಮ್ಮ ಹೊಸ ಪುಸ್ತಕಕ್ಕೆ ಸಮುರಾಯ್, ಅಂದರೆ ಹಳೆಯ ಜಪಾನಿನ ಯೋಧ, ಆ ಕ್ಲಾಸ್ ಬರೆಯುವ ಕೆಲಸ ನನಗೆ ಬಂತು. ಒಂದು ವಾರದಲ್ಲಿ ಮುಗಿಯುತ್ತೆ ಅಂದುಕೊಂಡೆ. ಐದು ತಿಂಗಳು ಹಿಡಿಯಿತು.

ಮೊದಲ ಡ್ರಾಫ್ಟ್ ಎಲ್ಲರೂ ಊಹಿಸುವಂಥದ್ದೇ. ಭಾರೀ ಪೆಟ್ಟು ಕೊಡುವ ಕತಾನಾ (ಬಾಗಿದ ಜಪಾನೀ ಕತ್ತಿ), ಜೊತೆಗೆ ಹತ್ತು ‘ಮಾನದ ಅಂಕ’. ಸುಳ್ಳು ಹೇಳಿದರೆ ಒಂದು ಅಂಕ ಹೋಯಿತು. ಹಿಂದಿನಿಂದ ಹೊಡೆದರೆ ಎರಡು. ಓಡಿಹೋದರೆ ಮೂರು. ಓದಲು ತುಂಬಾ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ.

ನಿಯಮ ಪರೀಕ್ಷಿಸಲು ಆಡಿ ನೋಡುವ ಪ್ಲೇಟೆಸ್ಟ್‌ನಲ್ಲಿ ದರೋಡೆಕೋರರ ಕೋಟೆ ಎದುರಾಯಿತು. ಕಳ್ಳನ ಪಾತ್ರದವಳು ರಾತ್ರಿ ಗೋಡೆ ಹತ್ತೋಣ ಅಂದಳು. ಎಲ್ಲರೂ ಹೂಂ ಅಂದರು. ಸಮುರಾಯ್ ಆಡುತ್ತಿದ್ದ ಹುಡುಗ ತನ್ನ ಪಾತ್ರದ ವಿವರವಿರುವ ಶೀಟ್ ನೋಡಿದ. ಗೋಡೆ ಹತ್ತಿದರೆ ಅಂಕ ಹೋಗುತ್ತೆ. ಸರಿ, ಬಾಗಿಲ ಮುಂದೆ ನಿಂತು ಹೆಸರು ಕೂಗಿದ. ಎಲ್ಲರೂ ನಕ್ಕರು. ಎರಡನೇ ಸಲ ಯಾರೂ ನಗಲಿಲ್ಲ. ಮೂರನೇ ಸಲ ಅವನೇ ಸುಮ್ನೆ ಫೋನ್ ತೆಗೆದು ಕೂತುಬಿಟ್ಟ. ಆಟ ಮುಗಿದ ಮೇಲೆ ಹೇಳಿದ: “ಸರ್, ನೀವು ಆಡೋಕೇ ಬಿಡಲಿಲ್ಲ. ಬರೀ ಮಾರ್ಕ್ಸ್ ಕಟ್ ಮಾಡ್ತಾ ಇದ್ರಿ.”

ಬೇಜಾರಾಯಿತು. ಆದರೆ ಅವನ ಮಾತು ಸರಿಯಾಗಿತ್ತು.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ನಾನು ಬರೆದ ನೀತಿಪಟ್ಟಿಯ ಬಹುಪಾಲು ಯುದ್ಧಗಳೆಲ್ಲ ಮುಗಿದ ಕಾಲದ್ದು. 1615ರ ಒಸಾಕಾ ಮುತ್ತಿಗೆಯ ನಂತರ ಜಪಾನಿನಲ್ಲಿ ದೊಡ್ಡ ಯುದ್ಧಗಳು ಹೆಚ್ಚುಕಡಿಮೆ ನಿಂತೇಹೋದವು. ಸಮುರಾಯ್‌ಗಳು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಆದರ್ಶ ಸಮುರಾಯ್ ಹೇಗಿರಬೇಕು ಅಂತ ಬರೆಯಲು ಪುರುಸೊತ್ತೂ ಇತ್ತು. ಅದಕ್ಕೆ ಮುಂಚಿನ ನೂರೈವತ್ತು ವರ್ಷ ಬೇರೆಯೇ ಲೋಕ. 1600ರಲ್ಲಿ ಸೆಕಿಗಹರಾ ಯುದ್ಧ ನಡೆಯುತ್ತಿರುವಾಗಲೇ ಕೊಬಾಯಾಕಾವಾ ಹಿದೆಯಾಕಿ ಅನ್ನುವ ಸೇನಾನಾಯಕ ಪಕ್ಷ ಬದಲಿಸಿದ. ಯುದ್ಧ ಅಲ್ಲೇ ವಾಲಿತು. ನನ್ನ ನಿಯಮದ ಪ್ರಕಾರ ಅವನ ಅಂಕ ಮೈನಸ್‌ಗೆ ಹೋಗಬೇಕು. ಗೆದ್ದವರು ಅವನಿಗೆ ಇನ್ನಷ್ಟು ಜಮೀನು ಕೊಟ್ಟರು.

ಕತಾನಾದ ಕಥೆಯೂ ಅಷ್ಟೇ. ಹಳೆಯ ಕಾಲದ ಸಮುರಾಯ್ ಅಂದರೆ ಮೊದಲು ಕುದುರೆ ಮೇಲಿನ ಬಿಲ್ಲುಗಾರ. ಆಮೇಲೆ ಈಟಿ ಬಂತು. 1543ರಲ್ಲಿ ಪೋರ್ಚುಗೀಸರಿಂದ ಕೋವಿ ಬಂತು, 1575ರ ನಾಗಾಶಿನೋ ಯುದ್ಧದಲ್ಲಿ ಸೇನಾನಾಯಕ ಓದಾ ನೊಬುನಾಗಾ ಅದನ್ನು ಸಾಲುಸಾಲಾಗಿ ನಿಲ್ಲಿಸಿದ. ಅದಕ್ಕೇ ಕತಾನಾದ ಪೆಟ್ಟು ಅಳೆಯಲು ಬರೀ ಎಂಟು ಮುಖದ ದಾಳ ಕೊಟ್ಟೆ, ಮಾಮೂಲಿ ಉದ್ದ ಕತ್ತಿಗೆ ಇರುವಷ್ಟೇ. ಇದಕ್ಕೆ ಆಫೀಸಿನಲ್ಲಿ ಇಬ್ಬರು ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾರೆ.

ದಾರಿ ಸಿಕ್ಕಿದ್ದು ಹೆಸರಿನಲ್ಲೇ. ‘ಸಮುರಾಯ್’ ಪದದ ಬೇರು ಸೇವೆ ಮಾಡುವುದು, ಬಳಿಯಲ್ಲಿ ಕಾದಿರುವುದು. ಅಂದರೆ ಈ ಕಸುಬಿನ ತಿರುಳು ಕತ್ತಿಯಲ್ಲಿಲ್ಲ, ಒಡೆಯನಲ್ಲಿದೆ. ಅಲ್ಲಿ ಜಮೀನನ್ನೂ ಸಂಬಳವನ್ನೂ ಕೊಕು ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಕೊಕು ಅಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ ಅಂತ ಅಂದಾಜು. ಇದನ್ನು ಹೇಳಿದಾಗ ಆ ಹುಡುಗ, “ಓ, ಉಪ್ಪಿನ ಋಣ!” ಅಂದ. ಹೌದು, ಅಲ್ಲಿ ಉಪ್ಪಿನ ಬದಲು ಅಕ್ಕಿ, ಅಷ್ಟೇ.

ಮಾನದ ಅಂಕ ಕಿತ್ತುಹಾಕಿ ‘ಋಣ’ ಅಂತ ಒಂದು ಖಾತೆ ತೆರೆದೆ. ಆಟಗಾರ ಒಡೆಯನಿಂದ ಕುದುರೆ, ಪತ್ರ, ಹತ್ತು ಈಟಿಯಾಳು, ಏನು ಬೇಕಾದರೂ ಕೇಳಬಹುದು. ಕೇಳಿದಾಗಲೆಲ್ಲ ಋಣ ಒಂದು ಏರುತ್ತದೆ. ಮೂರು ಮುಟ್ಟಿದರೆ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು, ಒಡೆಯನ ಹೆಸರಿನಲ್ಲಿ ಒಂದು ಆಜ್ಞೆ ಕಳಿಸಬಹುದು. ಮಾಡಿದರೆ ಋಣ ತೀರಿತು. ಒಲ್ಲೆ ಅಂದರೆ ಅವನು ರೋನಿನ್, ಒಡೆಯನಿಲ್ಲದವನು. ಶಿಕ್ಷೆ ಏನೂ ಇಲ್ಲ. ಕೇಳಲು ಯಾರೂ ಇಲ್ಲ, ಅಷ್ಟೇ.

ಹುಟ್ಟಿನ ಷರತ್ತನ್ನೂ ತೆಗೆದೆ. ಸಾಮಾನ್ಯ ಮನೆಯಲ್ಲಿ ಹುಟ್ಟಿದ ಹಿದೆಯೋಶಿ ಇಡೀ ಜಪಾನನ್ನೇ ಆಳಿದನಲ್ಲ. ತಾನು ಹತ್ತಿದ ಏಣಿಯನ್ನು 1588ರಲ್ಲಿ ಅವನೇ ಎಳೆದುಕೊಂಡ, ರೈತರ ಕತ್ತಿಗಳನ್ನೆಲ್ಲ ಕಿತ್ತುಕೊಂಡು. ನಮ್ಮ ಆಟ ಅದಕ್ಕಿಂತ ಮುಂಚಿನ ಕಾಲದ ನೆರಳಿನಲ್ಲಿದೆ.

ಬಾಗಿಲ ಮುಂದೆ ಹೆಸರು ಕೂಗಿದ್ದು ಮಾತ್ರ ಉಳಿಯಿತು. ಹಳೆಯ ಯುದ್ಧಕಥೆಗಳಲ್ಲಿ ಅದು ಇದೆ, ‘ನಾನೊರಿ’ ಅಂತಾರೆ. ಕೂಗಿ ಒಬ್ಬ ಶತ್ರುವನ್ನು ಕರೆದರೆ ಇಪ್ಪತ್ತು ಮುಖದ ದಾಳ ಎರಡು ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಹನ್ನೊಂದು ಅಥವಾ ಹೆಚ್ಚು ಬೇಕಿದ್ದಲ್ಲಿ ಶೇಕಡಾ 50 ಇದ್ದ ಅವಕಾಶ 75 ಆಗುತ್ತದೆ. ಆ ಶತ್ರುವಿಗೂ ಅದೇ ಸವಲತ್ತು. ಮೊದಲು ಇದಕ್ಕೆ ಮಿತಿ ಇರಲಿಲ್ಲ, ಪಕ್ಕದಲ್ಲಿ ಫೈಟರ್ ಕ್ಲಾಸ್ ಆಡುತ್ತಿದ್ದವನು “ನಾನ್ಯಾಕೆ ಬಂದೆ?” ಅಂತ ಕೇಳಿದ. ಈಗ ಒಂದು ಕಾಳಗಕ್ಕೆ ಒಂದೇ ಸಲ.

ಮುಂದಿನ ಪ್ಲೇಟೆಸ್ಟ್‌ಗೆ ಅದೇ ಹುಡುಗ ಬಂದ. ಕುದುರೆ ಕೇಳಿದ, ಆಳು ಕೇಳಿದ, ಮತ್ತೆ ಆಳು ಕೇಳಿದ. ಆಜ್ಞೆ ಬಂತು: ಹಳ್ಳಿಯ ಕಣಜಕ್ಕೆ ಬೆಂಕಿ ಇಡು. ಮೇಜು ಗಪ್‌ಚಿಪ್. ಅರ್ಧ ಗಂಟೆ ಎಲ್ಲರೂ ಜಗಳಾಡಿದರು, ಫೋನ್ ಯಾರೂ ಮುಟ್ಟಲಿಲ್ಲ. ಕೊನೆಗೆ ಅವನು ಪೆನ್ಸಿಲ್ ತೆಗೆದು ಶೀಟ್‌ನಲ್ಲಿದ್ದ ಒಡೆಯನ ಹೆಸರಿನ ಮೇಲೆ ಗೀಟು ಎಳೆದ. ಒಂದು ನಿಮಿಷ ಬಿಟ್ಟು ಕೇಳಿದ: “ಸರ್, ಅಕ್ಕಿ ನಿಂತುಹೋಯ್ತು. ಕುದುರೆಗೆ ಏನು ಹಾಕಲಿ?”

ಕುದುರೆ ಮೇವಿಗೆ ನಾನು ನಿಯಮವನ್ನೇ ಬರೆದಿರಲಿಲ್ಲ. ಅವತ್ತು ರಾತ್ರಿ ಬರೆದೆ.