ಮೊದಲನೇ ಆಪರೇಷನ್ ಆಗಿ ಎಷ್ಟು ತಿಂಗಳಿಗೆ ಎರಡನೇದು?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಜೀನ್ಸ್ ಹೊಲಿಯುತ್ತೇನೆ, ಪೀಸ್ ಲೆಕ್ಕದಲ್ಲಿ. ಆದರೆ ನನ್ನನ್ನು ಹುಡುಕಿಕೊಂಡು ಬರುವವರು ಎಷ್ಟೋ ಸಲ ಬಟ್ಟೆಗೆ ಬಂದಿರುವುದಿಲ್ಲ. ಗಿಡ್ಡ ಇದ್ದ ಎಡಗಾಲನ್ನು ಎರಡು ಆಪರೇಷನ್ನಿನಲ್ಲಿ ಉದ್ದ ಮಾಡಿಸಿಕೊಂಡವಳು ನಾನು. ನಿಂತುಕೊಂಡು ನನ್ನ ಕಾಲು ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಅಕ್ಕಾ, ಮೊದಲನೇ ಆಪರೇಷನ್ ಆಗಿ ಎಷ್ಟು ತಿಂಗಳಿಗೆ ಎರಡನೇದು ಮಾಡಿಸ್ಕೊಂಡ್ರಿ?"

ಮೊದಲನೇದರಲ್ಲಿ ಕಾಲಿನ ಸುತ್ತ ಹಾಕಿದ್ದ ಲೋಹದ ರಿಂಗ್ ಬಿಚ್ಚಿದ ಮೇಲೆ 13 ತಿಂಗಳು. ಆದರೆ ಈ ಲೆಕ್ಕ ನನ್ನದು. ಇದನ್ನು ಇಟ್ಟುಕೊಂಡು ನಿಮ್ಮ ತಾರೀಕು ಹಾಕಬೇಡಿ.

ಚಿಕ್ಕವಳಿದ್ದಾಗ ಮಂಡಿಯ ಹತ್ತಿರ ಮೂಳೆಗೆ ಕೀವು ಆಗಿ, ಮೂಳೆ ಬೆಳೆಯುವ ಜಾಗವೇ ಹಾಳಾಯಿತು. ದೊಡ್ಡವಳಾಗುವ ಹೊತ್ತಿಗೆ ಎಡಗಾಲು 7 ಸೆಂಟಿಮೀಟರ್ ಗಿಡ್ಡ. ಅಷ್ಟನ್ನೂ ಒಂದೇ ಮೂಳೆಯಲ್ಲಿ ಒಂದೇ ಸಲ ಎಳೆದರೆ ಮಂಡಿ, ನರ, ಮಾಂಸಖಂಡ ಯಾವುದೂ ತಡೆದುಕೊಳ್ಳುವುದಿಲ್ಲ ಅಂದರು ಡಾಕ್ಟರು. ಹಾಗಾಗಿ ಮೊದಲು ಮಂಡಿ ಕೆಳಗೆ 4, ಆಮೇಲೆ ತೊಡೆಯಲ್ಲಿ 3.

ಈ ರಿಂಗಿನ ವಿದ್ಯೆ ಸೋವಿಯತ್ ಡಾಕ್ಟರ್ ಗವ್ರಿಲ್ ಇಲಿಜರೋವ್ ಅವರದು. 1950ರ ದಶಕದಲ್ಲಿ ಸೈಬೀರಿಯದ ಕುರ್ಗಾನ್ ಕಡೆ ಶುರು ಮಾಡಿದ್ದು. ಸೈಕಲ್ ಚಕ್ರದ ಕಡ್ಡಿಯಂಥ ತಂತಿಗಳು ಮೂಳೆಯ ಈ ಕಡೆಯಿಂದ ಆ ಕಡೆಗೆ ಹೋಗಿ ರಿಂಗಿಗೆ ಬಿಗಿಯಾಗಿರುತ್ತವೆ. ಮೂಳೆ ಕತ್ತರಿಸಿ ಸುಮಾರು ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ನಟ್ ತಿರುಗಿಸುವ ಕೆಲಸ. ತಿರುಗಿಸಿದಂತೆ ಕತ್ತರಿಸಿದ ಎರಡು ತುಂಡು ದೂರ ಸರಿಯುತ್ತವೆ, ನಡುವೆ ಹೊಸ ಮೂಳೆ ಬೆಳೆಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅಂದರೆ ಕಾಲು ಮಿಲಿಮೀಟರ್. ದಿನಕ್ಕೆ ನಾಲ್ಕು ಸಲ. ಅದಕ್ಕೆ 10ರ ಸ್ಪ್ಯಾನರ್ ಬೇಕು, ನಮ್ಮ ಮಷಿನ್ ಮೆಕ್ಯಾನಿಕ್ ಹತ್ತಿರ ಇರುವಂಥದ್ದೇ. ರಾತ್ರಿ ಪಾಳಿ ಅಮ್ಮನದು. ನಟ್ಟಿನ ಮೇಲೆ ಉಗುರು ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟುಕೊಂಡಿದ್ದಳು, ಎಷ್ಟು ತಿರುಗಿತು ಅಂತ ಗೊತ್ತಾಗಲು.

4 ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ 40 ದಿನ. ಜನ ಇಲ್ಲೇ ಮೋಸ ಹೋಗುವುದು. ಎಳೆಯುವುದು ಬೇಗ ಮುಗಿಯುತ್ತದೆ, ಎಳೆದ ಜಾಗ ಗಟ್ಟಿಯಾಗಲು ಅದರ ಎರಡು ಪಟ್ಟೋ ಇನ್ನೂ ಜಾಸ್ತಿಯೋ ಹಿಡಿಯುತ್ತದೆ. ಎಲ್ಲಾ ಸೇರಿ ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳು ಅಂತ ಇಟ್ಟುಕೊಳ್ಳಿ. ಮಕ್ಕಳಿಗೆ ಬೇಗ, ದೊಡ್ಡವರಿಗೆ ನಿಧಾನ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ನಿಧಾನ. ನನ್ನ ಕಾಲಿನಲ್ಲಿ ರಿಂಗ್ ಆರೂವರೆ ತಿಂಗಳು ಇತ್ತು.

ಬಿಚ್ಚುವ ಮುಂಚೆ ಎರಡು ಎಕ್ಸ್‌ರೇ ತೆಗೆಯುತ್ತಾರೆ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಒಂದೊಂದರಲ್ಲಿ ಮೂಳೆಯ ಎರಡೆರಡು ಗೋಡೆ ಕಾಣುತ್ತವೆ. ಡಾಕ್ಟರು ಫಿಲಂ ಬೆಳಕಿಗೆ ಹಿಡಿದು, "ನಾಲ್ಕರಲ್ಲಿ ಮೂರು ಗೋಡೆ ಎದ್ದಿವೆಯಮ್ಮಾ, ಬಿಚ್ಚಬಹುದು" ಅಂದರು. ಆವತ್ತು ನಾನೇ ಕೇಳಿದೆ, ಎರಡನೇದು ಯಾವಾಗ ಅಂತ. ಅವರು ಫಿಲಂ ಕೆಳಗಿಟ್ಟು ನನ್ನ ಹಿಮ್ಮಡಿ ನೋಡಿದರು.

ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.

ತಪ್ಪು ನನ್ನದೇ. ಮೂಳೆ ಉದ್ದವಾದಷ್ಟು ಬೇಗ ಮೀನಖಂಡ ಉದ್ದವಾಗುವುದಿಲ್ಲ, ಹಿಮ್ಮಡಿಯನ್ನು ಮೇಲಕ್ಕೆ ಎಳೆದು ಬೆರಳನ್ನು ಕೆಳಕ್ಕೆ ಮಾಡುತ್ತದೆ. ಅದಕ್ಕೇ ದಿನಾ ಬಟ್ಟೆಯ ಪಟ್ಟಿ ಹಾಕಿ ಪಾದವನ್ನು ಮೇಲಕ್ಕೆ ಎಳೆಯಿರಿ ಅಂತ ಹೇಳಿ ಕಳಿಸಿದ್ದರು. ನೋವು ಅಂತ ತಪ್ಪಿಸಿದೆ. ಅದರ ಮೇಲೆ, ಮನೆಯಲ್ಲಿ ಕೂತು ಬೇಜಾರಾಗಿ, ರಿಂಗ್ ಇರುವಾಗಲೇ ಮಷಿನ್ ಮುಂದೆ ಕೂತೆ. ಬಲಗಾಲು ಪೆಡಲ್ ಮೇಲೆ, ಎಡಗಾಲು ಬೆರಳು ಕೆಳಗೆ ಮಾಡಿ ಜೋತುಬಿದ್ದಿರುತ್ತಿತ್ತು, ಗಂಟೆಗಟ್ಟಲೆ.

ಅದನ್ನು ಸರಿ ಮಾಡಲು ಎಂಟು ತಿಂಗಳು ಹಿಡಿಯಿತು. ಬೆಳಿಗ್ಗೆ ಸಂಜೆ ಗೋಡೆಗೆ ಕೈಕೊಟ್ಟು, ಹಿಮ್ಮಡಿ ಒತ್ತಿ ನಿಲ್ಲುವುದು. ಹಿಮ್ಮಡಿ ಕೆಳಗೆ ಮೊದಲು ನಾಲ್ಕು ಪದರ ಜೀನ್ಸ್ ಬಟ್ಟೆ ಇಡುತ್ತಿದ್ದೆ. ಆಮೇಲೆ ಮೂರು. ಒಂದು ಪದರ ತೆಗೆಯುವುದಕ್ಕೆ ತಿಂಗಳಿಗಿಂತ ಜಾಸ್ತಿ. ಕೊನೆಯ ಪದರ ತೆಗೆದ ದಿನ ಅಮ್ಮ ಆ ಬಟ್ಟೆಯನ್ನು ಒಲೆ ಒರೆಸಲು ಇಟ್ಟುಕೊಂಡಳು.

ಆ ಎಂಟು ತಿಂಗಳಲ್ಲಿ ಮೂಳೆಗೆ ಏನೂ ಕೊರತೆ ಇರಲಿಲ್ಲ, ಅದು ಯಾವಾಗಲೋ ಗಟ್ಟಿಯಾಗಿತ್ತು. ಕಾಯಿಸಿದ್ದು ಪಾದ. ಅದಕ್ಕೇ "ಎಷ್ಟು ತಿಂಗಳು" ಅಂದವರಿಗೆ ನಾನು ತಿರುಗಿ ಕೇಳುತ್ತೇನೆ: ಕೋಲಿಲ್ಲದೆ ನಡೀತೀರಾ? ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋಕೆ ಬರುತ್ತಾ? ಹಿಮ್ಮಡಿ ತಾಗುತ್ತಾ? ಮಂಡಿ ಮೊದಲೇ ಬಿಗಿದಿದ್ದಾಗ ತೊಡೆ ಮೂಳೆ ಎಳೆದರೆ ಅದು ಇನ್ನೂ ಬಿಗಿಯುತ್ತದೆ, ಅಲ್ವಾ?

ತಂತಿ ಹೋಗಿದ್ದ ತೂತುಗಳೂ ಪೂರ್ತಿ ಒಣಗಿರಬೇಕು. ಅಲ್ಲಿ ಕೀವು ಆಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಎರಡನೇ ಸಲ ಮೂಳೆಯೊಳಗೆ ರಾಡ್ ಹಾಕುವುದಿದ್ದರೆ ಹಳೆಯ ಸೋಂಕು ಒಳಗೇ ಏಳಬಹುದು. ನನಗೆ ರಿಂಗ್ ಇದ್ದಾಗ ಏಪ್ರಿಲ್‌ನಲ್ಲಿ ಎರಡು ತೂತು ಕೆಂಪಾಗಿ ಮಾತ್ರೆ ನುಂಗಿದ್ದೆ. ನಮ್ಮೂರಿನ ಬೇಸಿಗೆ ಗೊತ್ತಲ್ಲ, ಬೆವರು, ಮೇಲೆ ಅದಿರಿನ ಧೂಳು. ಅದಕ್ಕೇ ತೊಡೆಯದನ್ನು ಮಳೆಗಾಲ ಮುಗಿದ ಮೇಲೆ ಮಾಡಿಸಿಕೊಂಡೆ. ಅದಕ್ಕೆ ಸುತ್ತ ರಿಂಗ್ ಇಲ್ಲ, ತೊಡೆಯ ಒಂದೇ ಬದಿಗೆ ಉದ್ದಕ್ಕೆ ಕೂರುವ ಲೋಹದ ಪಟ್ಟಿ, ರೈಲ್ ಫಿಕ್ಸೇಟರ್ ಅಂತಾರೆ. ಮಲಗಲು ಎಷ್ಟೋ ಆರಾಮ.

ಮಕ್ಕಳ ಲೆಕ್ಕ ಬೇರೆ. ಹುಟ್ಟಿನಿಂದಲೇ ಕಾಲು ಬಹಳ ಗಿಡ್ಡ ಇದ್ದರೆ ಎರಡು ಆಪರೇಷನ್ ನಡುವೆ ವರ್ಷಗಳನ್ನೇ ಬಿಡುತ್ತಾರೆ, ಮಗು ಬೆಳೆಯುತ್ತಾ ಹೋದಂತೆ.

ಇನ್ನು ಎತ್ತರಕ್ಕೆ ಅಂತ ಕೇಳುವ ಹುಡುಗರು. ಮೊನ್ನೆ ಒಬ್ಬ ಬಂದಿದ್ದ. ಎಲ್ಲೋ ಒಂದು ಕಡೆ ಎರಡೂ ಆಪರೇಷನ್ನಿಗೆ ಒಂದೇ ಪ್ಯಾಕೇಜ್ ಹೇಳಿದ್ದರಂತೆ, ನಡುವೆ ಮೂರೇ ವಾರ. ಹಾಗೆ ಮಾಡುವವರೂ ಇದ್ದಾರೆ, ನಿಜ. ಆದರೆ ಎರಡೂ ಕಾಲು, ಮೇಲಿನ ಮೂಳೆ ಕೆಳಗಿನ ಮೂಳೆ ಎಲ್ಲಾ ಒಟ್ಟಿಗೆ ಹಸಿಯಾಗಿದ್ದರೆ ನಿಲ್ಲುವುದು ಯಾವ ಕಾಲಿನ ಮೇಲೆ? ನನಗೆ ಒಂದು ಕಾಲಾದರೂ ಗಟ್ಟಿ ಇತ್ತು. "ಬಚ್ಚಲಿಗೆ ಯಾರು ಎತ್ಕೊಂಡು ಹೋಗ್ತಾರಪ್ಪಾ?" ಅಂತ ಕೇಳಿದೆ. ಪ್ಯಾಕೇಜಿನಲ್ಲಿ ಅದು ಬರೆದಿರಲಿಲ್ಲವಂತೆ.

ರಿಂಗ್ ಇರುವವರಿಗೆ ಪ್ಯಾಂಟ್ ಹೊಲಿದು ಕೊಡುತ್ತೇನೆ, ಹೊರಬದಿ ಪೂರ್ತಿ ತೆರೆದು ವೆಲ್ಕ್ರೋ ಪಟ್ಟಿ ಹಾಕಿ. ಬರುವಾಗ ಸೊಂಟ, ಉದ್ದದ ಜೊತೆಗೆ ರಿಂಗಿನ ಸುತ್ತಳತೆಯನ್ನೂ ಬರೆದುಕೊಂಡು ಬನ್ನಿ. ನಟ್ಟುಗಳನ್ನೂ ಸೇರಿಸಿ ಅಳೆಯಿರಿ, ಎಲ್ಲರೂ ಅದನ್ನೇ ಮರೆಯುತ್ತಾರೆ.