ಜೋಗಿಮಟ್ಟಿ ಪಕ್ಕದ ಗುಡ್ಡದ ಮನೆ: ದುಡ್ಡು ಕಳಿಸುವ ಮೊದಲು ಇಷ್ಟು ಕೇಳಿ

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೊಂದು ಒಂಟಿ ಮನೆ ಬಾಡಿಗೆಗೆ ಸಿಗುತ್ತದೆ, ಎರಡು ದಿನ ಇದ್ದು ಬರೋಣ ಅಂತ ಯಾರಾದರೂ ಅಂದುಕೊಂಡಿದ್ದರೆ ಇದನ್ನು ಓದಿಕೊಂಡು ಹೋಗಿ. ನಾವು ದಸರಾ ರಜೆಯಲ್ಲಿ ಹೋಗಿದ್ದೆವು. ದುಡ್ಡಿನ ವಿಷಯದಲ್ಲಿ ಮೋಸ ಹೋದೆವು. ಆದರೂ ಮತ್ತೆ ಹೋಗುತ್ತೇವೆ.

ಜಾಹೀರಾತಿನಲ್ಲಿ 'ಜೋಗಿಮಟ್ಟಿ ಕಾಡಿನ ಒಳಗೆ ಮರದ ಕ್ಯಾಬಿನ್' ಅಂತ ಇತ್ತು. ಕಾಡಿನ ಒಳಗೂ ಅಲ್ಲ, ಮರದ್ದೂ ಅಲ್ಲ. ಕಲ್ಲಿನ ಗೋಡೆ, ಮೇಲೆ ಶೀಟು, ಒಳಗೋಡೆಗೆ ಹಲಗೆ ಬಡಿದಿದ್ದಾರೆ ಅಷ್ಟೆ. ಜೋಗಿಮಟ್ಟಿ 2015ರಿಂದ ವನ್ಯಧಾಮ. ಅದರೊಳಗೆ ಯಾರೋ ಬಂದು ಕ್ಯಾಬಿನ್ ಕಟ್ಟಿ ರಾತ್ರಿಗೆ ಇಷ್ಟು ಅಂತ ಬಾಡಿಗೆಗೆ ಬಿಡೋಕೆ ಆಗುತ್ತಾ? ಅಷ್ಟು ಯೋಚನೆ ನಾವು ಮೊದಲೇ ಮಾಡಬೇಕಿತ್ತು. ಮನೆ ಇರುವುದು ಕಾಡಿನ ಅಂಚಿನ ಒಬ್ಬರ ಪಟ್ಟಾ ಜಮೀನಿನಲ್ಲಿ. ಅದೇನೂ ತಪ್ಪಲ್ಲ. ಆದರೆ ಹಾಗಂತ ಹೇಳಿ ಬಾಡಿಗೆಗೆ ಕೊಡಬೇಕಲ್ವಾ? ನೀವು ಫೋನ್ ಮಾಡಿದಾಗ ಜಮೀನು ಯಾವ ಊರಿನದು, ಪಹಣಿ ಯಾರ ಹೆಸರಲ್ಲಿದೆ ಅಂತ ನೇರವಾಗಿ ಕೇಳಿ. ಸರಿಯಾದವರು ಒಂದೇ ಮಾತಲ್ಲಿ ಹೇಳುತ್ತಾರೆ. ನಮ್ಮ ಜೊತೆ ಮಾತಾಡಿದವರು "ಅಕ್ಕಾ, ಲೊಕೇಶನ್ ಕಳಿಸ್ತೀನಿ, ಬನ್ನಿ, ಎಲ್ಲಾ ಸೂಪರಾಗಿದೆ" ಅಂತಲೇ ತೇಲಿಸಿಬಿಟ್ಟರು. ಒಂದು ರಾತ್ರಿಗೆ 4,500 ರೂಪಾಯಿ. ಎರಡು ರಾತ್ರಿಯ ದುಡ್ಡು ಮುಂಗಡವಾಗಿ ಕಳಿಸಿದ್ದಾಗಿತ್ತು.

ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ, ನನ್ನ ತಮ್ಮ. ದಾವಣಗೆರೆಯಿಂದ ದುರ್ಗಕ್ಕೆ ಸರ್ಕಾರಿ ಬಸ್ಸಲ್ಲಿ ಆರಾಮಾಗಿ ಬಂದೆವು, ನನಗೆ ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ದುಡ್ಡೂ ಇಲ್ಲ. ತೊಂದರೆ ಶುರುವಾಗಿದ್ದು ಅಲ್ಲಿಂದ ಮುಂದೆ. ಹಳ್ಳಿಗೆ ಹೋಗುವ ಖಾಸಗಿ ಬಸ್ಸು ಎರಡೂವರೆಗೆ ಹೊರಡುತ್ತದೆ ಅಂದವರು ನಾಲ್ಕು ಗಂಟೆವರೆಗೂ ಹೊರಡಲಿಲ್ಲ. ಸೀಟು ತುಂಬಿತು, ನಿಲ್ಲುವ ಜಾಗ ತುಂಬಿತು, ಟಾಪ್ ಮೇಲೆ ಈರುಳ್ಳಿ ಚೀಲ ಏರಿದವು, ಆದರೂ ಕ್ಲೀನರ್ ಇನ್ನೂ ಜನರನ್ನು ಕರೆಯುತ್ತಲೇ ಇದ್ದ. ನನಗೆ ಜನಜಂಗುಳಿ ಆಗುವುದೇ ಇಲ್ಲ, ಉಸಿರು ಕಟ್ಟಿದ ಹಾಗಾಗುತ್ತದೆ. ಮಗ ನನ್ನ ಕಾಲ ಮೇಲೆ, ಅವನ ಮೇಲೆ ಬ್ಯಾಗು, ಕಿಟಕಿ ತೆಗೆಯೋಕೆ ಬರುವುದಿಲ್ಲ. ದಾರಿಯಲ್ಲಿ ಎರಡು ಕಡೆ ಇಳಿದು ಟೀ ಕುಡಿದು ಬಂದರು ಡ್ರೈವರ್. ಊರು ಮುಟ್ಟಿದಾಗ ಆರು ಗಂಟೆ.

ಇದನ್ನೇಕೆ ಇಷ್ಟು ಬರೆಯುತ್ತಿದ್ದೇನೆ ಅಂದರೆ, ಮೋಸ ಆಗಿದ್ದೇ ಈ ತಡದಿಂದ. ಊರಿನಿಂದ ಮನೆಗೆ ಮೂರು ಕಿಲೋಮೀಟರ್ ಕಲ್ಲಿನ ದಾರಿ. ಹಗಲಲ್ಲಿ ನಡೆದೇ ಹೋಗಬಹುದು, ಒಂದು ಗಂಟೆ ಸಾಕು. ಕತ್ತಲಾದ ಮೇಲೆ ಕರಡಿ, ಚಿರತೆ ಓಡಾಡುವ ಜಾಗ, ಯಾರೂ ನಡೆಯುವುದಿಲ್ಲ, ನಡೆಯಲೂಬಾರದು. ಅದು ಜೀಪಿನವರಿಗೆ ಗೊತ್ತು. ಫೋನಲ್ಲಿ 300 ಅಂತ ಹೇಳಿದ್ದು ಅಲ್ಲಿ 1,200 ಆಯಿತು. ಚೌಕಾಸಿ ಮಾಡಿದರೆ "ಹಾಗಾದ್ರೆ ಬೆಳಿಗ್ಗೆ ಹೋಗಿ" ಅಂತ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತರು. ಮಗುವನ್ನು ಕಟ್ಟಿಕೊಂಡು ಗೊತ್ತಿಲ್ಲದ ಊರಿನ ಬಸ್ ಸ್ಟಾಪಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ? ಕೊಟ್ಟೆವು. ನೀವು ಏನೇ ಆಗಲಿ ಮಧ್ಯಾಹ್ನ ಮೂರರೊಳಗೆ ಊರು ಸೇರಿ. ನಾಲ್ಕು ಜನ ಇದ್ದರೆ ದುರ್ಗದಿಂದಲೇ ಆಟೋ ಮಾತಾಡಿಕೊಳ್ಳಿ, ಕೊನೆಗೆ ಲೆಕ್ಕ ಹಾಕಿದರೆ ಅದೇ ಕಡಿಮೆ.

ಮನೆಯಲ್ಲಿ ಇದ್ದದ್ದು ಒಂದು ರೂಮು, ಎರಡು ಮಂಚ, ಒಂದು ಸೋಲಾರ್ ದೀಪ. ಅದಕ್ಕೆ ನನ್ನ ತಕರಾರಿಲ್ಲ. ಗುಡ್ಡಕ್ಕೆ ಹೋಗಿ ಫ್ಯಾನ್ ಬೇಕು, ಟಿವಿ ಬೇಕು ಅನ್ನುವವಳಲ್ಲ ನಾನು. ತಕರಾರು ಇರುವುದು ನೀರಿನ ಬಗ್ಗೆ ಮತ್ತು ಪಾಯಿಖಾನೆ ಬಗ್ಗೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಗಮನ ಇಟ್ಟು ಓದಿ. ಪಾಯಿಖಾನೆ ಮನೆಯಿಂದ ಮೂವತ್ತು ಹೆಜ್ಜೆ ಆಚೆ, ಅಂಗಳ ದಾಟಿ, ಸೀತಾಫಲದ ಗಿಡಗಳ ಪಕ್ಕ. ಬಾಗಿಲಿಗೆ ಚಿಲಕ ಇಲ್ಲ, ದಾರ ಕಟ್ಟಿದ್ದಾರೆ. ಫೋಟೊದಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಕಪ್ಪು ಟ್ಯಾಂಕಿನಲ್ಲಿ ನೀರು ಎರಡು ಬಕೆಟ್ ಬಂದು ನಿಂತುಹೋಯಿತು. ಮಾಲೀಕರಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ.

ಅಲ್ಲಿ ಕಾವಲಿಗೆ ಒಬ್ಬ ಅಜ್ಜ ಇದ್ದಾರೆ. ನಮ್ಮ ಪ್ರವಾಸ ಉಳಿದದ್ದೇ ಅವರಿಂದ. ನಮ್ಮ ಮುಖ ನೋಡಿ ಏನೂ ಕೇಳದೆ ಕೊಡ ಎತ್ತಿಕೊಂಡು ಹೊರಟರು, ತಮ್ಮನೂ ಟಾರ್ಚ್ ಹಿಡಿದು ಹಿಂದೆ ಹೋದ. ಕೆಳಗೆ ಒಂದು ಹಳೆ ಬಾವಿ ಇದೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ಮೇಲೆ ಮೊದಲ ಸಲ, ಆ ವರ್ಷ ಈ ಬಾವಿಯಲ್ಲೂ ಕೈಯಲ್ಲೇ ನೀರು ಮೊಗೆಯುತ್ತಿದ್ದರಂತೆ. ನಾವು ಹೋದಾಗ ಹಗ್ಗ ಚೆನ್ನಾಗಿಯೇ ಬಿಡಬೇಕಿತ್ತು. ಅವತ್ತು ಸಂಜೆ ಅವರು ಅದೇ ದಿನ ಕಿತ್ತ ಹಸಿ ಶೇಂಗಾವನ್ನು ಬಳ್ಳಿಸಮೇತ ಬೆಂಕಿಗೆ ಹಿಡಿದು ಸುಟ್ಟುಕೊಟ್ಟರು. ಸಿಪ್ಪೆ ಕಪ್ಪಗೆ, ಒಳಗೆ ಕಾಳು ಮೆತ್ತಗೆ, ಬಿಸಿಬಿಸಿ, ಸ್ವಲ್ಪ ಹೊಗೆ ವಾಸನೆ. ಜೊತೆಗೆ ಒಂದು ತುಂಡು ಬೆಲ್ಲ. ಮಗನ ಬೆರಳು, ಬಾಯಿ ಎಲ್ಲ ಮಸಿ. ಅವನು ಇವತ್ತಿಗೂ ಅದನ್ನೇ ಕೇಳುತ್ತಾನೆ.

ರಾತ್ರಿ ಹನ್ನೊಂದರ ಮೇಲೆ ಇರಬೇಕು, ಹೊರಗೆ ಒಂದು ಸದ್ದು ಶುರುವಾಯಿತು. ಯಾರೋ ಬಾಯಿಂದ ಜೋರಾಗಿ ಊದಿ, ತಕ್ಷಣ ಸೊರ್ ಅಂತ ಒಳಗೆ ಎಳೆದುಕೊಂಡ ಹಾಗೆ. ನಿಲ್ಲುತ್ತದೆ, ಮಣ್ಣು ಕೆರೆದ ಸದ್ದು, ಮತ್ತೆ ಊದುವುದು. ನಾನು ಯಜಮಾನರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದ ಜೋಪಡಿಯಿಂದ ಅಜ್ಜನ ದನಿ ಮೆಲ್ಲಗೆ ಬಂತು. "ಕರಡಿ ಕಣಮ್ಮಾ, ಹುತ್ತ ಕೆದರ್ತೈತೆ. ಬಾಗ್ಲು ತಗೀಬ್ಯಾಡ್ರಿ, ಸುಮ್ಕೆ ಮಲ್ಕಳ್ರಿ." ಗೆದ್ದಲನ್ನು ಅದು ಹಾಗೆಯೇ ತಿನ್ನುವುದಂತೆ, ಹುತ್ತ ಒಡೆದು, ಧೂಳು ಊದಿ, ಆಮೇಲೆ ಎಳೆದುಕೊಳ್ಳುವುದು. ಅರ್ಧ ಗಂಟೆ ಇತ್ತು. ಯಾರೂ ಪಾಯಿಖಾನೆಗೆ ಹೋಗುವ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದ ಬೇಲಿಯಿಂದ ನಾಲ್ಕು ಮಾರು ಆಚೆ ಹುತ್ತ ಅರ್ಧ ಬಗೆದುಹೋಗಿತ್ತು. ಪಕ್ಕದಲ್ಲಿ ಸೀತಾಫಲದ ಸಿಪ್ಪೆ, ಹಿಕ್ಕೆಯ ತುಂಬಾ ಕಪ್ಪು ಬೀಜ. ಮಣ್ಣಿನಲ್ಲಿ ಉಗುರಿನ ಗೆರೆಗಳು ಎಷ್ಟು ಆಳ ಅಂದರೆ ಮಗನ ಬೆರಳಿನ ಎರಡು ಗೆಣ್ಣು ಒಳಗೆ ಹೋಯಿತು.

ಸೀತಾಫಲದ ಕಾಲದಲ್ಲಿ ಹೋದರೆ ಕರಡಿ ಬಂದೇ ಬರುತ್ತದೆ ಅಂದುಕೊಂಡೇ ಹೋಗಿ. ಮರಿ ಇರುವ ಕರಡಿ ಎದುರಾದರೆ ಅಪಾಯ ಜಾಸ್ತಿ. ಬೆಳಕು ಪೂರ್ತಿ ಹರಿಯುವವರೆಗೆ ಅಂಗಳ ಬಿಟ್ಟು ಹೋಗಬೇಡಿ. ರಾತ್ರಿಗೆ ಅಂತ ಒಳಗೇ ಒಂದು ಬಕೆಟ್ ಇಟ್ಟುಕೊಳ್ಳಿ, ನಾಚಿಕೆ ಬೇಡ. ಹಣ್ಣಿನ ಸಿಪ್ಪೆ, ಉಳಿದ ಅನ್ನ ಹೊರಗೆ ಎಸೆಯಬೇಡಿ. ಮಾಲೀಕರು 'ಕ್ಯಾಂಪ್ ಫೈರ್' ಅಂತ 500 ರೂಪಾಯಿ ಬೇರೆ ಕೇಳುತ್ತಾರೆ. ದಸರಾ ಹೊತ್ತಿಗೆ ಹುಲ್ಲು ಹಸಿರಾಗಿರುತ್ತದೆ, ಅಂಗಳದ ಒಳಗೆ ಸಣ್ಣ ಬೆಂಕಿ ಪರವಾಗಿಲ್ಲ. ಸಂಕ್ರಾಂತಿ ದಾಟಿದ ಮೇಲೆ ಹೋಗುವವರು ದಯವಿಟ್ಟು ಬೇಡ ಅನ್ನಿ. ಆಗ ಇಡೀ ಗುಡ್ಡ ಒಣಹುಲ್ಲು, ಗಾಳಿ ಬೇರೆ. ಒಂದು ಕಿಡಿ ಹಾರಿದರೆ ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ.

ಬೆಳಗಿನ ಬಗ್ಗೆ ಬರೆಯದೆ ಇರಲಾರೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ಮಂಜು ನೋಡಬೇಕು ಅಂದರೆ ಮಲೆನಾಡಿಗೇ ಹೋಗಬೇಕು ಅಂದುಕೊಂಡಿದ್ದೆ. ಬಾಗಿಲು ತೆಗೆದರೆ ಅಂಗಳದ ತುದಿಯಿಂದ ಆಚೆಗೆ ಏನೂ ಇಲ್ಲ, ಎಲ್ಲಾ ಬಿಳಿ. ನಿಧಾನಕ್ಕೆ ಒಂದೊಂದೇ ಗಾಳಿಯಂತ್ರದ ರೆಕ್ಕೆ ಮಂಜಿನಿಂದ ಮೇಲೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು, ಕಂಬ ಕಾಣುತ್ತಿರಲಿಲ್ಲ. ಆಮೇಲೆ ಬಿಸಿಲು ಬಂದ ಹಾಗೆ ತಂಗಟೆ ಹೂವಿನ ಹಳದಿ ಕಾಣಿಸಿತು. ನಾವು ಯಾರೂ ಮಾತಾಡಲಿಲ್ಲ. ಗಾಳಿಯಂತ್ರದ ಸದ್ದು ಕೆಲವರಿಗೆ ಕಿರಿಕಿರಿ ಆಗಬಹುದು, ರಾತ್ರಿ ಅದರ ಕೆಂಪು ದೀಪವೂ ಮಿಣುಕುತ್ತಿರುತ್ತದೆ. ದುರ್ಗದ ಗುಡ್ಡ ಅಂದಮೇಲೆ ಅದು ಇದ್ದದ್ದೇ. ಇದನ್ನು ಊಟಿ ಅಂತ ಹೊಗಳುವವರ ಮಾತು ಕೇಳಿಕೊಂಡು ಮಾತ್ರ ಹೋಗಬೇಡಿ. ಇದು ಕುರುಚಲು ಕಾಡು, ಮುಳ್ಳು ಜಾಸ್ತಿ, ಹತ್ತು ಗಂಟೆಗೆಲ್ಲ ಬಿಸಿಲು ಚುರುಕಾಗುತ್ತದೆ. ಊಟಿ ಹುಡುಕಿದರೆ ಬೇಜಾರಾಗುತ್ತದೆ, ದುರ್ಗವನ್ನೇ ನೋಡೋಕೆ ಹೋದರೆ ಮನಸ್ಸು ತುಂಬುತ್ತದೆ.

ಎರಡನೇ ದಿನ ಪೂರ್ತಿ ಅಲ್ಲೇ ಇದ್ದೆವು.

ಮೂರನೇ ದಿನ ಭಾನುವಾರ, ಜೋಗಿಮಟ್ಟಿಯ ತುದಿಗೆ ಹೋಗಿದ್ದು. ದುರ್ಗ ಊರಿನಿಂದ ಸುಮಾರು ಹತ್ತು ಕಿಲೋಮೀಟರ್, ಹೋಗುವಾಗ ಆಡುಮಲ್ಲೇಶ್ವರದ ಕಿರು ಮೃಗಾಲಯ ಸಿಗುತ್ತದೆ. ಕಾಡಿನೊಳಗೆ ಹೋಗೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಮನೆ ಮಾಲೀಕರು ಅದನ್ನೂ 'ಪ್ಯಾಕೇಜಲ್ಲಿ ಇದೆ' ಅಂದಿದ್ದರು, ಗೇಟಿನ ಹತ್ತಿರ ಹೋದರೆ ಯಾರೂ ಏನೂ ಮಾತಾಡಿರಲಿಲ್ಲ. ನೀವೇ ನೇರವಾಗಿ ವಿಚಾರಿಸಿಕೊಂಡು ಹೋಗಿ, ಮಧ್ಯದವರ ಕೈಗೆ ದುಡ್ಡು ಕೊಡಬೇಡಿ. ಭಾನುವಾರವಂತೂ ಬೇಡವೇ ಬೇಡ. ಬೈಕುಗಳು, ಸ್ಪೀಕರು, ಸೆಲ್ಫಿ. ಮಗ ಕೊಂಡುಕುರಿ, ಅಂದರೆ ಜಿಂಕೆ ಥರದ ನಾಲ್ಕು ಕೊಂಬಿನ ಪ್ರಾಣಿ, ನೋಡಬೇಕು ಅಂತ ಆಸೆ ಇಟ್ಟುಕೊಂಡಿದ್ದ. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ ಅನ್ನುವುದನ್ನೂ ಶಾಲೆಯಲ್ಲಿ ಕಲಿತುಕೊಂಡು ಬಂದಿದ್ದ. ಅಷ್ಟು ಗಲಾಟೆಗೆ ಯಾವ ಪ್ರಾಣಿ ಹೊರಗೆ ಬರುತ್ತದೆ ಹೇಳಿ. ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆ ಅಂತಲೇ 2011ರಲ್ಲಿ ಆದ ವನ್ಯಧಾಮ, ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟೆ. ಕೋಟೆಗೆ ಅವತ್ತು ನಾವು ಹೋಗಲೇ ಇಲ್ಲ. ಕೋಟೆ ನೋಡಬೇಕಾದ್ದೇ, ಆದರೆ ವಾರದ ದಿನ, ಬೆಳಿಗ್ಗೆ ಬೇಗ.

ಈಗ ಊಟದ ವಿಷಯ. ಮಾಲೀಕರು ಒಂದು ಊಟಕ್ಕೆ ತಲೆಗೆ 350 ಹೇಳಿದರು, ಬಂದದ್ದು ತಣ್ಣಗಿನ ಚಪಾತಿ, ಬಣ್ಣ ಹಾಕಿದ ಪಲ್ಯ. ಅದನ್ನು ಒಂದೇ ಹೊತ್ತಿಗೆ ನಿಲ್ಲಿಸಿದೆವು. ಕೆಳಗೆ ಊರಿನ ಬಸ್ ಸ್ಟಾಪ್ ಎದುರಿಗೆ ಬೋರ್ಡೂ ಇಲ್ಲದ ಒಂದು ಹೋಟೆಲ್ ಇದೆ, ಗಂಡ ಹೆಂಡತಿ ನಡೆಸುತ್ತಾರೆ. ನಾಲ್ಕು ಬೆಂಚು, ಒಂದು ಸೌದೆ ಒಲೆ. 60 ರೂಪಾಯಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ, ಅನ್ನ, ಮಜ್ಜಿಗೆ. ಆ ಅಕ್ಕ ಮುದ್ದೆ ಕಟ್ಟುವುದನ್ನು ನಾನು ಎದ್ದು ಹೋಗಿ ನೋಡಿದೆ. ಹಿಟ್ಟು ಬೆಂದ ಮೇಲೆ ಎರಡು ಕಾಲಲ್ಲಿ ಪಾತ್ರೆ ಒತ್ತಿಹಿಡಿದು ಕೋಲಲ್ಲಿ ತೊಳಸುತ್ತಾರೆ, ಒಂದು ಗಂಟೂ ಇಲ್ಲ. ಕೈಗೆ ನೀರು ಮುಟ್ಟಿಸಿಕೊಂಡು ಉರುಳಿಸಿದರೆ ಮುದ್ದೆಯ ಮೇಲೆ ಹೊಳಪು ಬರುತ್ತದೆ. ಬಸ್ಸಾರಿಗೆ ಬೆಳ್ಳುಳ್ಳಿ, ಮೆಣಸು, ಸ್ವಲ್ಪ ಹುಣಸೆ, ಬೇರೇನೂ ಅಬ್ಬರ ಇಲ್ಲ. ತಮ್ಮ ಎರಡು ಮುದ್ದೆ ತಿಂದ. ಮಗನಿಗೆ ಖಾರ ಆಯಿತು ಅಂತ ಕೇಳದೆಯೇ ತುಪ್ಪ ಹಾಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. "ಮಗೀಗೆ ಹಾಕಿದ್ದಕ್ಕೆಲ್ಲ ಲೆಕ್ಕ ಬರೀತಾರೇನಮ್ಮಾ" ಅಂದರು. ಸಂಜೆ ನಾಲ್ಕರ ಮೇಲೆ ಅಲ್ಲೇ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ನಾವು ದಾವಣಗೆರೆಯವರು, ಮಂಡಕ್ಕಿ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ. ಇದನ್ನು ಒಪ್ಪಿದೆವು. ಹುರಿಗಡಲೆ ಪುಡಿ ಹದವಾಗಿ ಬಿದ್ದಿತ್ತು, ಮಂಡಕ್ಕಿ ಮೆತ್ತಗಾಗಿದ್ದರೂ ಮುದ್ದೆಯಾಗಿರಲಿಲ್ಲ. ಗುಡ್ಡದ ಮನೆಗೆ ಹೋಗುವವರು ಮಧ್ಯಾಹ್ನದ ಊಟ ಇಲ್ಲೇ ಮಾಡಿ, ರಾತ್ರಿಗೆ ರೊಟ್ಟಿ ಕಟ್ಟಿಸಿಕೊಂಡು ಹೋಗಿ. ಬೆಳಿಗ್ಗೆ ಹೇಳಿಟ್ಟರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಮಾಲೀಕರ ಹತ್ತಿರ ಕೂತು ಮಾತಾಡಿದೆವು. ನೀರಿಲ್ಲ, ಚಿಲಕ ಇಲ್ಲ, ಕಾಡಿನ ಒಳಗೆ ಅಂದಿದ್ದು ಸುಳ್ಳು ಅಂತ ನಮ್ಮ ಯಜಮಾನರು ಒಂದೊಂದಾಗಿ ಹೇಳಿದರು. 1,500 ವಾಪಸ್ ಕೊಟ್ಟರು. ಕೇಳದಿದ್ದರೆ ಅದೂ ಬರುತ್ತಿರಲಿಲ್ಲ. ನೀವು ಹೋಗುವುದಾದರೆ ಮುಂಗಡ ಅಂತ ಒಂದು ರಾತ್ರಿಯ ಅರ್ಧ ಮಾತ್ರ ಕಳಿಸಿ. ಟ್ಯಾಂಕ್ ತುಂಬಿಸಿದ ವಿಡಿಯೊ ಅದೇ ದಿನ ಬೆಳಿಗ್ಗೆ ಕಳಿಸೋಕೆ ಹೇಳಿ. ಜೀಪಿನ ರೇಟು ಮೆಸೇಜಲ್ಲಿ ಬರೆಸಿಕೊಳ್ಳಿ. ಎರಡು ಟಾರ್ಚ್, ಹೊದಿಕೆ, ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನ್ ಜೊತೆಗಿರಲಿ. ಆಷಾಢ, ಶ್ರಾವಣದಲ್ಲಿ ಗಾಳಿ ಎಷ್ಟಿರುತ್ತದೆ ಅಂದರೆ ಶೀಟು ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ ಅಂತ ಅಜ್ಜ ಹೇಳಿದರು, ಚಿಕ್ಕ ಮಕ್ಕಳಿದ್ದರೆ ಆಗ ಬೇಡ.

ಹೊರಡುವಾಗ ಅಜ್ಜನ ಕೈಗೆ 300 ರೂಪಾಯಿ ಇಟ್ಟರೆ ಬೇಡವೇ ಬೇಡ ಅಂದರು. ಆಮೇಲೆ ತಮ್ಮನ ಟಾರ್ಚನ್ನೇ ನೋಡುತ್ತಿದ್ದರು. ಅವರದ್ದು ಬೆಳಕು ಮಂಕಾಗಿದೆ, ಕರಡಿ ಬಂದಾಗ ಅಂಗಳದ ತುದಿವರೆಗೂ ಮುಟ್ಟುವುದಿಲ್ಲವಂತೆ. ತಮ್ಮ ತನ್ನದನ್ನು ಅಲ್ಲೇ ಕೊಟ್ಟು ಬಂದ. ಮೂರು ಶೆಲ್ಲಿನದು. ನಿಮ್ಮಲ್ಲಿ ಯಾರಾದರೂ ನಮಗಿಂತ ಮೊದಲು ಹೋದರೆ ಅದಕ್ಕೆ ದೊಡ್ಡ ಶೆಲ್ ಮೂರು ಜಾಸ್ತಿ ತಗೊಂಡು ಹೋಗಿ, ಆ ಊರಿನ ಅಂಗಡಿಯಲ್ಲಿ ಸಣ್ಣವು ಮಾತ್ರ ಸಿಗುತ್ತವೆ.